ಅಜ್ಜಿಗೆ ಮೆನು ಓದಿ ಹೇಳುವವರು ಯಾರು?

ಯುಗಾದಿ ಊಟಕ್ಕೆ ಎಲ್ಲರೂ ಸೇರಿದ್ದಾಗ, ಕಳೆದ ವರ್ಷವಷ್ಟೇ ದಾವಣಗೆರೆಯಿಂದ ಇಲ್ಲಿ ಅಮೆರಿಕಕ್ಕೆ ಬಂದ ದಂಪತಿ ಒಂದು ಪ್ರಶ್ನೆ ಕೇಳಿದರು. ಅವರಿಗೆ ಐದು ವರ್ಷದ ಮಗಳು. "ಹೊರಗೆ ಊಟದ ರೂಢಿ ಮಾಡಿಸಿದರೆ ಮನೆಯ ಸಾರು ಅನ್ನ ಸೇರುವುದಿಲ್ಲ ಎನ್ನುತ್ತಾಳೇನೋ, ಅದರ ಹಿಂದೆಯೇ ಕನ್ನಡವೂ ಜಾರಿಹೋಗುತ್ತದೇನೋ ಎಂಬ ಭಯ. ನೀವೆಲ್ಲ ಏನು ಮಾಡಿದಿರಿ?" ಅಲ್ಲಿದ್ದ ಹಿರಿಯರೊಬ್ಬರು, ಆದಷ್ಟು ಮನೆಯಲ್ಲೇ ಊಟ ಮಾಡಿ, ಹೊರಗಿನ ರುಚಿ ಹತ್ತಿದರೆ ಬಿಡಿಸುವುದು ಕಷ್ಟ ಎಂದರು. ಅವರ ಮಾತಿನಲ್ಲಿದ್ದ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ನಾನು ಕಂಡದ್ದು ಅದಕ್ಕೆ ತದ್ವಿರುದ್ಧ. ನನ್ನ ಮಗನ ಕನ್ನಡ ಬೆಳೆದದ್ದೇ ಪಿಜ್ಜಾ ಅಂಗಡಿಗಳಲ್ಲಿ. ಅಂದು ಬಡಿಸುವ ಗಡಿಬಿಡಿಯಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ನಾವು ಶಿಕಾಗೋದ ಪಶ್ಚಿಮಕ್ಕಿರುವ ಉಪನಗರವೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಇದ್ದೇವೆ. ಮನೆಯಲ್ಲಿ ಕನ್ನಡವೇ. ಆದರೂ ಒಂದು ದಿನ ಕಿವಿಗೊಟ್ಟು ಕೇಳಿದಾಗ, ಊಟದ ಹೊತ್ತಿನಲ್ಲಿ ಮಗ ಆಡುತ್ತಿದ್ದದ್ದು ನಾಲ್ಕೇ ಮಾತು ಎಂದು ಗೊತ್ತಾಯಿತು: ಬೇಕು, ಬೇಡ, ಸಾಕು, ಆಯಿತು. ತಪ್ಪು ಅವನದಲ್ಲ. ತಟ್ಟೆಯಲ್ಲಿ ಇರುವುದೇನು ಎಂದು ಎಲ್ಲರಿಗೂ ಗೊತ್ತಿರುವ ಮನೆಯಲ್ಲಿ ಮಗು ಯಾರಿಗೆ ಏನನ್ನು ವಿವರಿಸಬೇಕು?

ಅವನಿಗೆ ಏಳು ವರ್ಷವಿದ್ದಾಗ ನನ್ನ ಅಮ್ಮ ಹಾಸನದಿಂದ ಆರು ತಿಂಗಳಿಗೆಂದು ಬಂದರು. ಡೆಟ್ರಾಯಿಟ್ ಕಡೆ ಇರುವ ನೆಂಟರ ಮನೆಗೆ ಹೋದಾಗ ಎಲ್ಲರೂ ಬಡ್ಡೀಸ್ ಎಂಬ ಪಿಜ್ಜಾ ಅಂಗಡಿಗೆ ಹೋದೆವು. ಆ ಊರಿನ ಚೌಕಾಕಾರದ ಪಿಜ್ಜಾ 1946ರಲ್ಲಿ ಹುಟ್ಟಿದ್ದು ಅಲ್ಲಿಯೇ. ಕಾರು ಕಾರ್ಖಾನೆಗಳಲ್ಲಿ ಸಣ್ಣಪುಟ್ಟ ಬಿಡಿಭಾಗಗಳನ್ನು ಇಡಲು ಬಳಸುತ್ತಿದ್ದ ನೀಲಿ ಉಕ್ಕಿನ ತಟ್ಟೆಗಳಲ್ಲಿ ಅದನ್ನು ಬೇಯಿಸಲು ತೊಡಗಿದರಂತೆ. ಹಿಟ್ಟಿನ ಮೇಲೆ ವಿಸ್ಕಾನ್ಸಿನ್‌ನ ಬ್ರಿಕ್ ಚೀಸ್ ಅನ್ನು ತಟ್ಟೆಯ ಅಂಚು ಮುಟ್ಟುವಂತೆ ಹರಡುತ್ತಾರೆ. ಟೊಮೆಟೊ ಸಾಸ್ ಬರುವುದು ಚೀಸ್‌ನ ಮೇಲೆ, ಕೆಂಪು ಪಟ್ಟೆಗಳಂತೆ. ಅಂಚಿನ ಚೀಸ್ ಬಿಸಿ ಉಕ್ಕಿಗೆ ತಾಗಿ ಕೆಂಪಗಾಗಿ ಗಟ್ಟಿಯಾಗುತ್ತದೆ. ಮೂಲೆಯ ತುಂಡಿಗೆ ಮಕ್ಕಳು ಜಗಳವಾಡುವುದು ಇದಕ್ಕೇ.

ಅಮ್ಮನಿಗೆ ಇಂಗ್ಲಿಷ್ ಮೆನು ಓದಲು ಬರುವುದಿಲ್ಲ. ನಾನು ಮಗಳ ಬಾಟಲಿ, ಬಿಬ್ ಎಂದು ಒದ್ದಾಡುತ್ತಿದ್ದೆ. ಹಾಗಾಗಿ ಅಮ್ಮ ಪಕ್ಕದಲ್ಲಿದ್ದ ಮೊಮ್ಮಗನನ್ನೇ ಕೇಳಿದರು, "ಏನೇನು ಬರೆದಿದ್ದಾರೆ, ಓದಿ ಹೇಳಪ್ಪ." ಅವನು ಮಶ್ರೂಮ್ ಎಂದ, ಅಜ್ಜಿ ಅಣಬೆ ಎಂದರು. ಆಲಿವ್ ಎಂದ. ಅದೇನು ಎಂದರು. ಸ್ವಲ್ಪ ಹೊತ್ತು ಯೋಚಿಸಿ, "ಉಪ್ಪಿನಕಾಯಿಯ ಹಾಗೆ ಇರುತ್ತದೆ ಅಜ್ಜಿ, ಆದರೆ ಖಾರ ಇಲ್ಲ, ಕಪ್ಪಗೆ, ಮಧ್ಯದಲ್ಲಿ ತೂತು" ಎಂದ. ಅವನು ಕನ್ನಡದಲ್ಲಿ ಇಷ್ಟು ಉದ್ದದ ವಾಕ್ಯ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಪಿಜ್ಜಾ ಬಂದಾಗ ಅಂಚನ್ನು ನೋಡಿ ಅವನು ಸುಟ್ಟಿದೆ ಎಂದು ಮುಖ ಸಿಂಡರಿಸಿದ. ಅಮ್ಮ ಮೂಲೆಯ ತುಂಡನ್ನು ಕೈಗೆತ್ತಿಕೊಂಡು ಉಗುರಿನಿಂದ ಅಂಚನ್ನು ತಟ್ಟಿದರು. ಟಕಟಕ ಸದ್ದಾಯಿತು. "ಇದು ಸೀದದ್ದಲ್ಲ, ಗರಿಗರಿಯಾದದ್ದು. ಸೀದರೆ ಕಹಿ ಇರುತ್ತದೆ. ನಾನು ಬಾಣಲೆಯಲ್ಲಿ ಅಕ್ಕಿ ರೊಟ್ಟಿ ತಟ್ಟಿದಾಗ ಅಂಚು ಹೀಗೇ ಬರುವುದಿಲ್ಲವೇ?" ಎಂದು ಮುರಿದು ಅವನ ಬಾಯಿಗಿಟ್ಟರು. ಆಮೇಲೆ ಅವನು ಚೀಸ್‌ಗೆ ಕನ್ನಡದಲ್ಲಿ ಏನು ಎಂದು ಕೇಳಿದ. ಪುಸ್ತಕದಲ್ಲಿ ಗಿಣ್ಣು ಎಂದು ಬರೆಯುತ್ತಾರೆ, ಆದರೆ ನಿಜವಾದ ಗಿಣ್ಣು ಬೇರೆಯೇ ಎಂದು ಅಮ್ಮ ಶುರುಮಾಡಿದರು. ಹಸು ಕರು ಹಾಕಿದ ಮೊದಲ ದಿನಗಳ ಹಾಲು, ಅದಕ್ಕೆ ಬೆಲ್ಲ, ಏಲಕ್ಕಿ, ಹಬೆಯಲ್ಲಿ ಬೇಯಿಸುವುದು, ಕರುವಿಗೆ ಕುಡಿಸಿ ಉಳಿದರೆ ಮಾತ್ರ ಕರೆದುಕೊಳ್ಳುವುದು. ಊರಿನ ಮನೆಯ ಕೊಟ್ಟಿಗೆ, ಅಲ್ಲಿದ್ದ ಹಸುವಿನ ಹೆಸರು, ಎಲ್ಲವೂ ಆ ಮೇಜಿನ ಮೇಲೆ ಬಂದವು. ಮನೆಯಲ್ಲಿ ಹುಳಿಯನ್ನ ತಿನ್ನುತ್ತಿದ್ದರೆ ಆ ಮಾತು ಏಳುತ್ತಲೇ ಇರಲಿಲ್ಲ.

ಈಗ ಶಿಕಾಗೋದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹೊಸಬರು ಮೊದಲು ಹೋಗುವುದು ಡೀಪ್ ಡಿಶ್ ಎಂಬ ದಪ್ಪ ಪಿಜ್ಜಾ ತಿನ್ನಲು. 1943ರಲ್ಲಿ ತೆರೆದ ಪಿಜ್ಜೇರಿಯಾ ಊನೋದಿಂದ ಅದರ ಹೆಸರು ಹರಡಿತು. ಆಳವಾದ ತಟ್ಟೆ, ಕೆಳಗೆ ಹಿಟ್ಟು, ಅದರ ಮೇಲೆ ಚೀಸ್, ಎಲ್ಲಕ್ಕಿಂತ ಮೇಲೆ ಟೊಮೆಟೊ. ಬಹಳ ಹೊತ್ತು ಬೇಯಬೇಕಾದ್ದರಿಂದ ಚೀಸ್ ಮೇಲಿದ್ದರೆ ಸೀದುಹೋಗುತ್ತದೆ, ಅದಕ್ಕೇ ಈ ತಿರುವುಮುರುವು. ಬೇಯಲು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು. ಹಸಿದ ಮಗುವನ್ನು ಅಷ್ಟು ಹೊತ್ತು ಕುರ್ಚಿಯಲ್ಲಿ ಕೂರಿಸುವುದು ಎಂಥ ಪಾಡು ಎಂದು ಹೆತ್ತವರಿಗೇ ಗೊತ್ತು. ಮನೆ ಬಿಡುವಾಗಲೇ ಫೋನ್ ಮಾಡಿ ಹೇಳಿಬಿಡಿ, ಅನೇಕ ಕಡೆ ಒಪ್ಪುತ್ತಾರೆ. ಇಲ್ಲಿ ಸಾಸೇಜ್ ಎಂಬ ಮಾಂಸ ಹಾಕುವುದೇ ವಾಡಿಕೆ, ಆದ್ದರಿಂದ ಸಸ್ಯಾಹಾರಿಗಳು ಪಾಲಕ್ ಅಥವಾ ಬರಿಯ ಚೀಸ್ ಎಂದು ಸ್ಪಷ್ಟವಾಗಿ ಹೇಳಬೇಕು. ಆದರೆ ನನ್ನನ್ನು ಕೇಳಿದರೆ, ಚಿಕ್ಕ ಮಕ್ಕಳಿಗೆ ಸರಿಯಾದದ್ದು ಡೀಪ್ ಡಿಶ್ ಅಲ್ಲವೇ ಅಲ್ಲ. ಇಲ್ಲಿಯವರು ವಾರದ ದಿನಗಳಲ್ಲಿ ತಿನ್ನುವುದು ಟ್ಯಾವರ್ನ್ ಶೈಲಿಯ ತೆಳು ಪಿಜ್ಜಾ. ಹಪ್ಪಳದಂತೆ ಕರುಂ ಎನ್ನುತ್ತದೆ, ಚಿಕ್ಕ ಚೌಕಗಳಾಗಿ ಕತ್ತರಿಸಿರುತ್ತಾರೆ, ಐದು ವರ್ಷದ ಮಗುವಿನ ಕೈಗೆ ಅಳತೆ ತೆಗೆದಂತೆ ಇರುತ್ತದೆ. ಸೇಂಟ್ ಲೂಯಿಸ್‌ನದೂ ತೆಳುವಾಗಿಯೇ ಇರುತ್ತದೆ, ಯೀಸ್ಟ್ ಇಲ್ಲದ ಹಿಟ್ಟು, ಮೇಲೆ ಪ್ರೊವೆಲ್ ಎಂಬ ಬೆರಕೆ ಚೀಸ್. ಅದು ಹಲ್ಲಿಗೆ ಅಂಟುತ್ತದೆ. ನಮ್ಮ ಮನೆಯಲ್ಲಿ ಯಾರಿಗೂ ಹಿಡಿಸಲಿಲ್ಲ.

ಸಸ್ಯಾಹಾರದ ಮಾತು ಬಂದಾಗ ಚೀಸ್‌ನ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಹಾಲನ್ನು ಒಡೆಸಿ ಚೀಸ್ ಮಾಡಲು ರೆನೆಟ್ ಎಂಬ ಕಿಣ್ವ ಬಳಸುತ್ತಾರೆ. ಹಿಂದೆ ಅದನ್ನು ಎಳೆಗರುವಿನ ಹೊಟ್ಟೆಯಿಂದಲೇ ತೆಗೆಯುತ್ತಿದ್ದರು. 1990ರಲ್ಲಿ ಅಮೆರಿಕ ಸರ್ಕಾರ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಕಿಣ್ವಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಇಲ್ಲಿನ ಬಹುಪಾಲು ಚೀಸ್‌ಗೆ ಅದೇ ಬಳಕೆಯಾಗುತ್ತಿದೆ. ಆದರೆ ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಎಂಬ ಚೀಸ್‌ಗೆ ಕರುವಿನ ರೆನೆಟ್ಟೇ ಬೇಕೆಂಬುದು ಅಲ್ಲಿಯ ಕಟ್ಟಳೆ. ಪಿಜ್ಜಾದ ಮೇಲೆ ಉದುರಿಸುವ ಪುಡಿ ಚೀಸ್ ಅದೇ ಆಗಿರಬಹುದು. ಸೀಸರ್ ಸಲಾಡ್‌ನ ಡ್ರೆಸಿಂಗ್‌ನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ. ಇದನ್ನೆಲ್ಲ ಎಷ್ಟರ ಮಟ್ಟಿಗೆ ಪಾಲಿಸಬೇಕು ಎಂಬುದು ಆಯಾ ಮನೆಗೆ ಬಿಟ್ಟದ್ದು. ಪಾಲಿಸುವುದಾದರೆ ಮಗುವಿಗೆ ಕಾರಣ ಹೇಳಿ. ಗಿಣ್ಣಿನ ಕಥೆ ಕೇಳಿದ್ದ ನನ್ನ ಮಗನಿಗೆ ಕರುವಿನ ವಿಷಯ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಒಂದು ನೋವಿನ ಪ್ರಸಂಗವನ್ನೂ ಮುಚ್ಚಿಡುವುದಿಲ್ಲ. ಒಂದು ಊರಿನ ಮಾರುಕಟ್ಟೆಯ ಮಳಿಗೆಯಲ್ಲಿ ಅಮ್ಮನಿಗೆಂದು ಬೇಳೆಯ ಸೂಪ್ ತೆಗೆದುಕೊಂಡೆವು. ಮಾಂಸವಿದೆಯೇ ಎಂದು ಮಗನೇ ಕೇಳಿದ್ದ, ಇಲ್ಲ ಎಂದಿದ್ದರು. ಎರಡು ಚಮಚ ಕುಡಿದ ಮೇಲೆ ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿದ್ದು ಎಂದು ತಿಳಿಯಿತು. ಅಮ್ಮ ಚಮಚ ಕೆಳಗಿಟ್ಟು, ಹೋಗಿ ಬಾಯಿ ಮುಕ್ಕಳಿಸಿ ಬಂದರು. ಮಗ ತನ್ನಿಂದಲೇ ಹೀಗಾಯಿತು ಎಂದು ಅಳತೊಡಗಿದ. ಅಮ್ಮ ಅವನನ್ನು ಪಕ್ಕಕ್ಕೆ ಎಳೆದುಕೊಂಡು, "ನೀನು ಕೇಳಿದೆ, ಅವರಿಗೆ ಗೊತ್ತಾಗಲಿಲ್ಲ. ಇದರಲ್ಲಿ ನಿನ್ನ ತಪ್ಪೇನಿದೆ ಕಂದ?" ಎಂದರು. ಆ ಮಾತನ್ನು ನಾನು ಮರೆಯಲಾರೆ. ಅಂದಿನಿಂದ ಅವನು ಕೇಳುವ ಪ್ರಶ್ನೆ ಬದಲಾಯಿತು. ಇದು ಸಸ್ಯಾಹಾರವೇ ಎಂದು ಕೇಳುವುದಿಲ್ಲ. ಯಾವ ನೀರಿನಲ್ಲಿ ಬೇಯಿಸಿದ್ದೀರಿ, ಬೀನ್ಸ್‌ಗೆ ಹಂದಿಯ ಕೊಬ್ಬು ಹಾಕಿದ್ದೀರಾ, ಆಲೂಗಡ್ಡೆ ಕರಿದ ಎಣ್ಣೆಯಲ್ಲೇ ಕೋಳಿಯನ್ನೂ ಕರಿಯುತ್ತೀರಾ ಎಂದು ಒಂದೊಂದಾಗಿ ಕೇಳುತ್ತಾನೆ. ಯಾರೂ ಬೇಸರಪಟ್ಟಿದ್ದನ್ನು ನಾನು ನೋಡಿಲ್ಲ. ಅಲರ್ಜಿ ಇರುವ ಮಕ್ಕಳ ಊರಿದು, ಇಂಥ ಪ್ರಶ್ನೆಗಳು ಅವರಿಗೆ ಹೊಸದಲ್ಲ.

ಹಿರಿಯರು ಬಂದಾಗ ನನ್ನ ಮೊದಲ ಆಯ್ಕೆ ಫುಡ್ ಹಾಲ್. ಒಂದೇ ಸೂರಿನಡಿ ಹತ್ತಾರು ಮಳಿಗೆ, ನಡುವೆ ಎಲ್ಲರಿಗೂ ಸೇರಿದ ಮೇಜುಗಳು. ಒಬ್ಬರು ಪಿಜ್ಜಾ, ಇನ್ನೊಬ್ಬರು ಫಲಾಫೆಲ್, ಅತ್ತೆಯವರು ಬರಿಯ ಹಣ್ಣು ತಿಂದರೂ ಎಲ್ಲರೂ ಒಟ್ಟಿಗೇ ಕೂರಬಹುದು. ಮಿನಿಯಾಪೊಲಿಸ್‌ನ ಮಿಡ್‌ಟೌನ್ ಗ್ಲೋಬಲ್ ಮಾರ್ಕೆಟ್ ನನಗೆ ಬಹಳ ಇಷ್ಟ. 1928ರಲ್ಲಿ ಸಿಯರ್ಸ್ ಕಂಪನಿ ಕಟ್ಟಿಸಿದ ಭಾರಿ ಕಟ್ಟಡ ಖಾಲಿ ಬಿದ್ದಿತ್ತು, 2006ರಲ್ಲಿ ಅದರೊಳಗೆ ಈ ಮಾರುಕಟ್ಟೆ ತೆರೆಯಿತು. ಬೇರೆ ದೇಶಗಳಿಂದ ಬಂದು ನೆಲೆಸಿದವರ ಮಳಿಗೆಗಳೇ ಅಲ್ಲಿ ಹೆಚ್ಚು. ಆ ಊರಿನಲ್ಲಿ ನೆಲೆಸಿರುವ ಸೊಮಾಲಿಗಳ ಸಂಬೂಸಾ ನೋಡಿ ಮಗ, "ಅಜ್ಜಿ, ನಮ್ಮ ಸಮೋಸಾ ಇವರಿಗೆ ಹೇಗೆ ಗೊತ್ತು?" ಎಂದು ಕೇಳಿದ. ಸಮೋಸಾ ನಮಗೂ ಹೊರಗಿನಿಂದಲೇ ಬಂದದ್ದು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿತ್ತೇ? ಸಿನ್ಸಿನ್ನಾಟಿಯ ಫಿಂಡ್ಲೆ ಮಾರ್ಕೆಟ್ 1855ರದು, ಕ್ಲೀವ್‌ಲ್ಯಾಂಡ್‌ನ ವೆಸ್ಟ್ ಸೈಡ್ ಮಾರ್ಕೆಟ್ ಕಟ್ಟಡ 1912ರದು. ಇವು ಹಳೆಯ ಕಾಲದ ಸಂತೆ ಮಾರುಕಟ್ಟೆಗಳು. ಕ್ಲೀವ್‌ಲ್ಯಾಂಡ್‌ನಲ್ಲಿ ಒಳಗೆ ಕಾಲಿಟ್ಟರೆ ಸಾಲುಸಾಲಾಗಿ ಮಾಂಸದ ಮಳಿಗೆಗಳು. ನಾವು ಹೋಗಿದ್ದಾಗ ಹಣ್ಣು ತರಕಾರಿಯ ಸಾಲು ಪಕ್ಕದ ಮೊಗಸಾಲೆಯಲ್ಲಿತ್ತು. ಅತ್ತೆಯವರು ಅಲ್ಲಿಯೇ ನಿಂತು ಬದನೆಕಾಯಿಯನ್ನು ಒತ್ತಿ ನೋಡುತ್ತ ಅರ್ಧ ಗಂಟೆ ಕಳೆದರು. ಮಡಿ ಮೈಲಿಗೆ ನೋಡುವ ಹಿರಿಯರಿದ್ದರೆ ಮೊದಲೇ ಹೇಳಿಟ್ಟು ಕರೆದುಕೊಂಡು ಹೋಗಿ.

ಮೇಜಿಗೆ ಬಡಿಸುವ ಹೋಟೆಲಿನಲ್ಲಿ ಟಿಪ್ಸ್ ವಿಷಯದಲ್ಲಿ ಕೈ ಬಿಗಿಹಿಡಿಯಬೇಡಿ. ಬಡಿಸುವವರಿಗೆ ಕೇಂದ್ರ ಕಾನೂನಿನ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಅದು ಏರಿಲ್ಲ. ಉಳಿದದ್ದು ಬಹುತೇಕ ಟಿಪ್ಸ್‌ನಿಂದಲೇ ತುಂಬಬೇಕು. ಮಿನಿಸೋಟದಂಥ ಕೆಲವು ರಾಜ್ಯಗಳಲ್ಲಿ ಎಲ್ಲರಿಗೂ ಪೂರ್ತಿ ಕನಿಷ್ಠ ಕೂಲಿ ಕೊಡಬೇಕು, ಶಿಕಾಗೋ ನಗರವೂ 2024ರ ಜುಲೈಯಲ್ಲಿ ಆ ದಾರಿ ಹಿಡಿಯಿತು. ಹಾಗಿದ್ದರೂ ಶೇಕಡಾ 18ರಿಂದ 20 ಕೊಡುವುದು ಇಲ್ಲಿಯ ರೂಢಿ. ಇದರ ಜೊತೆಗೆ ಮಕ್ಕಳಿಗೆ ಇನ್ನೊಂದನ್ನು ತಿಳಿಸಿಕೊಡಬೇಕು. ನಮ್ಮಲ್ಲಿ ಬಡಿಸಿದ ಅಮ್ಮನಿಗೆ ಯಾರೂ ಧನ್ಯವಾದ ಹೇಳುವುದಿಲ್ಲ, ಇನ್ನೊಂದು ಸೌಟು ಹಾಕಿಸಿಕೊಂಡರೆ ಅದೇ ಧನ್ಯವಾದ. ಇಲ್ಲಿ ಬಾಯಿ ಬಿಟ್ಟು ಹೇಳದಿದ್ದರೆ ಒರಟುತನ ಎನಿಸುತ್ತದೆ. ಎರಡೂ ಸರಿಯೇ, ಎಲ್ಲಿ ಯಾವುದು ಎಂಬುದು ಮಕ್ಕಳಿಗೆ ಬೇಗ ತಿಳಿಯುತ್ತದೆ.

ನಾನು ಮನಸಾರೆ ಕೇಳಿಕೊಳ್ಳುವುದು ಒಂದನ್ನು. ಹೊರಗೆ ಕುಳಿತಾಗ ನಾವು ನಾವೇ ಇಂಗ್ಲಿಷ್‌ಗೆ ತಿರುಗುವುದು ಬೇಡ. ಪಕ್ಕದ ಮೇಜಿನವರು ಕೇಳಿಸಿಕೊಂಡಾರು ಎಂದು ದನಿ ತಗ್ಗಿಸುವ ಅಪ್ಪ ಅಮ್ಮಂದಿರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಕನ್ನಡವೆಂದರೆ ಬಾಗಿಲು ಹಾಕಿಕೊಂಡು ಆಡುವ ಭಾಷೆ ಎಂದು ಮಗು ಅಲ್ಲಿಯೇ ಕಲಿಯುತ್ತದೆ.

ಸಾರು ಅನ್ನ ಎಲ್ಲಿಗೂ ಹೋಗುವುದಿಲ್ಲ. ನನ್ನ ಮಗನಿಗೆ ಈಗ ಹನ್ನೆರಡು. ಪಿಜ್ಜಾ ತಿಂದು ಬಂದ ರಾತ್ರಿ ಹತ್ತು ಗಂಟೆಗೆ ಫ್ರಿಜ್ ತೆರೆದು ಮೊಸರನ್ನ ಕಲಸಿಕೊಳ್ಳುತ್ತಾನೆ.

ದಾವಣಗೆರೆಯ ದಂಪತಿಗೆ: ಮೇ ತಿಂಗಳಲ್ಲಿ ಅತ್ತೆ ಮಾವ ಬರುತ್ತಾರೆ ಎಂದಿದ್ದಿರಿ. ಅವರಿಗೆ ದಣಿವಾರಲಿ, ಒಂದು ಭಾನುವಾರ ಮಧ್ಯಾಹ್ನ ತೆಳು ಪಿಜ್ಜಾ ಇರುವ ಕಡೆಗೆ ಹೋಗಿ. ಮಗಳನ್ನು ಅಜ್ಜಿಯ ಪಕ್ಕದಲ್ಲೇ ಕೂರಿಸಿ. ಅವಳಿಗೆ ಇನ್ನೂ ಓದಲು ಬಾರದಿದ್ದರೆ ಚಿತ್ರ ಇರುವ ಮೆನು ಕೇಳಿ ಪಡೆಯಿರಿ. ಆಮೇಲೆ ಅಜ್ಜಿ ಏನೇ ಕೇಳಿದರೂ ನೀವಿಬ್ಬರೂ ಬಾಯಿ ಹಾಕದೆ ಸ್ವಲ್ಪ ಹೊತ್ತು ಸುಮ್ಮನಿರಿ.