ಸಹಾಯ ಬೇಕು: ಹಳೇ ಫೋನ್‌ಗೆ ಬ್ಯಾಟರಿ ಹಾಕಿಸಲೋ, ಹೊಸದೇ ತಗೊಳ್ಳಲೋ?

ಎಲ್ಲರಿಗೂ ನಮಸ್ಕಾರ. ನಾನು ಡೊಂಬಿವಲಿಯವನು, ಕೆಲಸ ಮುಂಬೈನ ಫೋರ್ಟ್‌ನಲ್ಲಿ. 2020ರ ಕೊನೆಯಲ್ಲಿ ತಗೊಂಡ ಆಂಡ್ರಾಯ್ಡ್ ಫೋನ್ ಇನ್ನೂ ಇದೆ. ಪರದೆಗೆ ಒಂದು ಗೀರೂ ಬಿದ್ದಿಲ್ಲ. ಆದರೆ ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿಕೊಂಡು ಹೊರಟರೂ ಸಂಜೆ ಸಿಎಸ್‌ಎಂಟಿ ಸ್ಟೇಷನ್‌ನಲ್ಲಿ ಲೋಕಲ್ ರೈಲು ಹತ್ತುವಷ್ಟರಲ್ಲಿ ಶೇ 8. ಮೊನ್ನೆ ಟಿಸಿ ಎದುರಿಗೇ ಆಫ್ ಆಯಿತು, ಪಾಸ್ ಅದರೊಳಗೇ ಇತ್ತು! (ಮರ್ಯಾದೆ ಹೋಯಿತು, ಬಿಡಿ.)

ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ಬ್ಯಾಟರಿಗೆ 1,800 ರೂಪಾಯಿ ಹೇಳಿದ್ದಾರೆ. ಅದೇನೂ ಜಾಸ್ತಿ ಅಲ್ಲ. ನನ್ನ ಚಿಂತೆ ಬೇರೆ. ಫೋನ್ ಆಂಡ್ರಾಯ್ಡ್ 11ರಲ್ಲೇ ನಿಂತಿದೆ, ಸೆಕ್ಯುರಿಟಿ ಅಪ್‌ಡೇಟ್ ಬಂದು ಎಷ್ಟೋ ಕಾಲವಾಯಿತು. ಬ್ಯಾಂಕು, ಯುಪಿಐ ಎಲ್ಲಾ ಇದರಲ್ಲೇ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24 ಥರದವಕ್ಕೆ 7 ವರ್ಷ ಅಪ್‌ಡೇಟ್ ಅಂತ ಕಂಪನಿಗಳೇ ಹೇಳಿವೆ. ಎಸ್24 ಬಂದಿದ್ದು 2024ರಲ್ಲಿ, ಅಂದರೆ 2031ರವರೆಗೆ. ಸೆಕೆಂಡ್ ಹ್ಯಾಂಡ್ ತಗೊಂಡರೂ ಲೆಕ್ಕ ಫೋನ್ ಬಿಡುಗಡೆಯಾದಾಗಿನಿಂದ, ನಾವು ಕೊಂಡಾಗಿನಿಂದ ಅಲ್ಲ, ಅಲ್ವಾ?

ಮಗಳಂತೂ "ಅಪ್ಪಾ, ಇದನ್ನ ಮ್ಯೂಸಿಯಂಗೆ ಕೊಟ್ಬಿಡು" ಅಂತಾಳೆ. ಕ್ಯಾಮೆರಾ, ಗೇಮು ನನಗೆ ಬೇಡವೇ ಬೇಡ.

ಬ್ಯಾಟರಿ ಬದಲಿಸಿ ಇನ್ನೆರಡು ವರ್ಷ ಓಡಿಸಿದವರು ಯಾರಾದರೂ ಇದ್ದೀರಾ? ಬ್ಯಾಂಕ್ ಆ್ಯಪ್ ತಕರಾರು ಮಾಡಿತಾ? ಠಾಣೆ, ಕಲ್ಯಾಣ ಕಡೆ ನಂಬಿಕೆಯ ರಿಪೇರಿಯವರಿದ್ದರೂ ಹೇಳಿ.