ಸಹಾಯ ಬೇಕು: ಮೆಣಸಿನಕಾಯಿ ವರದಿಯ ಜೊತೆಗೆ ಕಂಪನಿ ಕೆಲಸವನ್ನೂ ಮಾಡಬಹುದಾ?

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯಲ್ಲಿ ದಿನಪತ್ರಿಕೆಯೊಂದರ ವರದಿಗಾರನಾಗಿದ್ದೆ. ಈಗ ಕೆಲಸ ಬಿಟ್ಟು ಕೃಷಿ ಮತ್ತು ವ್ಯಾಪಾರದ ಬಗ್ಗೆ ಫ್ರೀಲಾನ್ಸ್ ಆಗಿ ಬರೆಯುತ್ತಿದ್ದೇನೆ.

ಹೆಚ್ಚಾಗಿ ಬರೆಯುವುದು ಬ್ಯಾಡಗಿ ಮಾರುಕಟ್ಟೆಯ ಬಗ್ಗೆ. ಡಬ್ಬಿ, ಕಡ್ಡಿ ತಳಿಯ ಮೆಣಸಿನಕಾಯಿ ದರ, ಕೋಲ್ಡ್ ಸ್ಟೋರೇಜ್ ದಾಸ್ತಾನು, ಓಲಿಯೋರೆಸಿನ್ (ಅದೇ, ಮೆಣಸಿನಕಾಯಿಯ ಬಣ್ಣದ ಸಾರ) ತೆಗೆಯುವ ಕಾರ್ಖಾನೆಗಳ ಖರೀದಿ, ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. 2024ರ ಮಾರ್ಚ್‌ನಲ್ಲಿ ದರ ಕುಸಿದು ಅಲ್ಲಿ ಗಲಾಟೆಯಾಯಿತಲ್ವಾ, ಅದಕ್ಕೇ ಈ ವಿಷಯ ಬಿಡಲು ಮನಸ್ಸಿಲ್ಲ.

ಆದರೆ ಸಂಭಾವನೆ ಕಡಿಮೆ, ಬರುವುದೂ ತಡ. ಪೆಟ್ರೋಲ್ ಖರ್ಚು ನನ್ನದೇ. ಒಂದೇ ಸುತ್ತಾಟದಲ್ಲಿ ಕೃಷಿ ಮಾಸಿಕಕ್ಕೆ ಬೇಸಾಯದ ಲೇಖನ, ವಾಣಿಜ್ಯ ಪುಟಕ್ಕೆ ದರದ ಲೇಖನ ಎಂದು ಬೇರೆ ಬೇರೆ ಬರೆದು ನೋಡಿದೆ. ಸ್ವಲ್ಪ ಅನುಕೂಲವಾಯಿತು, ಸಾಲಲಿಲ್ಲ. ಅನುವಾದ ಹಿಡಿದರೆ ದುಡ್ಡು ಬರುತ್ತದೆ, ಮಾರುಕಟ್ಟೆಗೆ ಹೋಗಲು ಪುರುಸೊತ್ತೇ ಸಿಗುವುದಿಲ್ಲ.

ಈಗ ಮಸಾಲೆ ರಫ್ತು ಕಂಪನಿಯೊಂದು ತನ್ನ ಒಪ್ಪಂದದ ರೈತರ ಯಶೋಗಾಥೆ ಬರೆಯಲು ಕರೆದಿದೆ. ಪ್ರತಿ ತಿಂಗಳು ಹಣ, ನನ್ನ ಹೆಸರು ಹಾಕುವುದಿಲ್ಲ. ಆದರೆ ಇದೇ ಕಂಪನಿ ಬ್ಯಾಡಗಿಯಲ್ಲೂ ಖರೀದಿ ಮಾಡುತ್ತದೆ! ಹಿರಿಯರಲ್ಲಿ ಒಬ್ಬರು 'ಸುಮ್ನೆ ಒಪ್ಪಿಕೋ' ಅಂದರು, ಇನ್ನೊಬ್ಬರು 'ಬೇಡವೇ ಬೇಡ' ಅಂದರು.

ಫ್ರೀಲಾನ್ಸ್ ಮಾಡುವವರು, ಸಂಪಾದಕರು ದಯವಿಟ್ಟು ಹೇಳಿ: ಸಂಪಾದಕರಿಗೆ ಮೊದಲೇ ತಿಳಿಸಿ, ಈ ಕಂಪನಿ ಬಗ್ಗೆ ಮಾತ್ರ ಬರೆಯದಿದ್ದರೆ ಸಾಕಾ? ಅಥವಾ ಮೆಣಸಿನಕಾಯಿ ದರದ ವರದಿಯನ್ನೇ ಪೂರ್ತಿ ಬಿಡಬೇಕಾ?