ಪಾಸ್‌ಗಳನ್ನು ಕೂಡಿಸಿದರೂ ಮೂಲ ಚಿತ್ರ ಬರುತ್ತಿಲ್ಲ, ಏಕೆ?

ಕಲ್ಲಿನಕೋಟೆ (ಚಿತ್ರದುರ್ಗ):
ಬುರುಜಿನ ಮೇಲೆ ಬಾವುಟ ಹಾರುತ್ತಿರುವ, ಬಾಗಿಲ ಬಳಿ ಪಂಜುಗಳು ಉರಿಯುತ್ತಿರುವ 40 ಸೆಕೆಂಡಿನ ದೃಶ್ಯವೊಂದನ್ನು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ, ದೃಶ್ಯವನ್ನು ಚಿತ್ರವಾಗಿ ಲೆಕ್ಕಹಾಕುವ (ರೆಂಡರ್ ಮಾಡುವ) ಸೈಕಲ್ಸ್‌ನಿಂದ ಸಿದ್ಧಪಡಿಸುತ್ತಿದ್ದೇನೆ. ಹಿನ್ನೆಲೆಯ ಆಕಾಶ ಮಾತ್ರ ನಮ್ಮ ಕೋಟೆಯ ಮೇಲಿನಿಂದ ನಾನೇ ತೆಗೆದ ಸಂಜೆಯ ಫೋಟೋ. ಒಂದು ಫ್ರೇಮಿಗೆ 12 ನಿಮಿಷ ಹಿಡಿಯುವುದರಿಂದ 960 ಫ್ರೇಮ್‌ಗಳಿಗೆ ಎಂಟು ದಿನ ಹಗಲೂ ರಾತ್ರಿ ಯಂತ್ರ ಓಡಬೇಕು; ಪಂಜಿನ ಬೆಳಕು ತುಸು ಹೆಚ್ಚಾಯಿತೆಂದು ಮತ್ತೆ ಎಂಟು ದಿನ ಕಾಯಲಾರೆ. ಹಾಗಾಗಿ ಡಿಫ್ಯೂಸ್ (ಚದುರಿದ ಬೆಳಕು), ಗ್ಲಾಸಿ (ಹೊಳಪು) ಮುಂತಾದ ಪಾಸ್‌ಗಳನ್ನು, ಅಂದರೆ ಚಿತ್ರವನ್ನು ಬಗೆಬಗೆಯಾಗಿ ಬಿಡಿಸಿದ ಪದರಗಳನ್ನು, ಪಿಎನ್‌ಜಿ ಕಡತಗಳಾಗಿ ಉಳಿಸಿ, ಒಂದರ ಮೇಲೊಂದು ಕೂಡಿಸಿ ನೋಡಿದೆ. ಚಿತ್ರ ಬಿಳಿಚಿಕೊಂಡಿದೆ. ಬಾವುಟದ ಅಂಚಿಗೆ ಕಾಡಿಗೆ ಹಚ್ಚಿದಂತೆ ಕಪ್ಪು ಗೆರೆಯೂ ಬಂದಿದೆ. ತಪ್ಪು ಎಲ್ಲಿದೆಯೆಂದು ತಿಳಿದವರು ಹೇಳಬೇಕಾಗಿ ವಿನಂತಿ.

ಗಿರಣಿಬೀದಿ (ದಾವಣಗೆರೆ):
ಬಿಳಿಚಿಕೊಳ್ಳಲು ಎರಡು ಕಾರಣಗಳಿವೆ. ಮೊದಲನೆಯದು ಲೆಕ್ಕದ್ದು. ಡಿಫ್ಯೂಸ್ ಡೈರೆಕ್ಟ್ (ದೀಪದಿಂದ ನೇರವಾಗಿ ಬಂದದ್ದು) ಮತ್ತು ಇಂಡೈರೆಕ್ಟ್ (ಪುಟಿದು ಬಂದದ್ದು) ಪಾಸ್‌ಗಳಲ್ಲಿರುವುದು ಕಲ್ಲಿನ ಮೇಲೆ ಬಿದ್ದ ಬೆಳಕು ಮಾತ್ರ. ಕಲ್ಲಿನ ಬಣ್ಣ ಕಲರ್ ಪಾಸ್‌ನಲ್ಲಿದೆ. ಆದ್ದರಿಂದ ಮೊದಲೆರಡನ್ನು ಕೂಡಿಸಿ, ಬಂದದ್ದನ್ನು ಕಲರ್‌ನಿಂದ ಗುಣಿಸಬೇಕು. ಗ್ಲಾಸಿ, ಟ್ರಾನ್ಸ್‌ಮಿಷನ್ (ವಸ್ತುವಿನ ಮೂಲಕ ಹಾಯ್ದ ಬೆಳಕು)ಗಳಿಗೂ ಹೀಗೆಯೇ ಮಾಡಿ, ಎಮಿಷನ್ (ತಾನೇ ಬೆಳಗುವ ವಸ್ತು) ಮತ್ತು ಎನ್ವಿರಾನ್‌ಮೆಂಟ್ (ಹಿನ್ನೆಲೆ)ಗಳನ್ನು ಗುಣಾಕಾರವಿಲ್ಲದೆ ಕೊನೆಗೆ ಸೇರಿಸಿರಿ.

ಎರಡನೆಯದು ಪಿಎನ್‌ಜಿ. ಅದರಲ್ಲಿ ಉಳಿಯುವುದು ಪರದೆಗಾಗಿ ಬಾಗಿಸಿದ ಅಂಕಿಗಳು, ಬೆಳಕಿನ ನಿಜವಾದ ಪ್ರಮಾಣವಲ್ಲ. ಪರದೆಯ ಈ ಅಳತೆಯಾದ ಎಸ್‌ಆರ್‌ಜಿಬಿಯಲ್ಲಿ 0.5 ಎಂದರೆ ಬೆಳಕಿನ ಲೆಕ್ಕದಲ್ಲಿ ಸುಮಾರು 0.214. ಅಂಥ ಎರಡು ಪಂಜುಗಳ ಬೆಳಕು ಕೂಡಿದರೆ 0.428, ಅಂದರೆ ಪರದೆಯ ಮೇಲೆ 0.69ರ ಆಸುಪಾಸು ಕಾಣಬೇಕು. ನೀವು ನೇರವಾಗಿ ಕೂಡಿಸಿದಾಗ ಅದು 1.0 ಆಗಿ ಅಪ್ಪಟ ಬಿಳಿಯಾಗುತ್ತದೆ. ಬೆಳಕಿನ ನಿಜ ಪ್ರಮಾಣವನ್ನೇ ಇಡುವ ಓಪನ್‌ಇಎಕ್ಸ್‌ಆರ್ (ಇಎಕ್ಸ್‌ಆರ್) ಕಡತದಲ್ಲಿ ಉಳಿಸಿದರೆ ಈ ತೊಂದರೆಯಿಲ್ಲ. 1920×1080ರ, ನಾಲ್ಕು ಚಾನೆಲ್‌ಗಳ, 16 ಬಿಟ್‌ನ ಒಂದು ಫ್ರೇಮಿನ ಒಂದೊಂದು ಪಾಸ್ ಕುಗ್ಗಿಸದಿದ್ದರೆ ಸುಮಾರು 16.6 ಎಂಬಿ ಆಗುತ್ತದೆ. ಪಾಸ್‌ಗಳನ್ನು ಆರಿಸುವಾಗ ಡಿಸ್ಕ್ ಕಡೆಗೂ ಒಂದು ಕಣ್ಣಿರಲಿ.

ದೀಪದಕಂಬ:
ಅಂಚಿನ ಗೆರೆಯ ಬಗ್ಗೆ ಹೇಳುತ್ತೇನೆ. ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ವಿವರಿಸಿದ ಓವರ್ ಕ್ರಿಯೆಯಲ್ಲಿ (ಒಂದು ಚಿತ್ರವನ್ನು ಇನ್ನೊಂದರ ಮೇಲೆ ಇರಿಸುವುದು) ಮುಂಭಾಗದ ಚಿತ್ರದ ಬಣ್ಣವು ಮೊದಲೇ ಆಲ್ಫಾದಿಂದ (ಪಿಕ್ಸೆಲ್ ಎಷ್ಟು ಮುಚ್ಚಿದೆ ಎಂಬ ಅಂಕಿ) ಗುಣಿಸಲ್ಪಟ್ಟಿರುತ್ತದೆ. ಅದಕ್ಕೆ ಹಿನ್ನೆಲೆಯನ್ನು, ಒಂದರಿಂದ ಆಲ್ಫಾ ಕಳೆದು ಗುಣಿಸಿ, ಸೇರಿಸಿದರಾಯಿತು. ಬಾವುಟದ ಬಣ್ಣ 0.8 ಆಗಿದ್ದು, ಅಂಚಿನ ಪಿಕ್ಸೆಲ್‌ನಲ್ಲಿ ಅರ್ಧ ಮಾತ್ರ ಬಾವುಟವಿದ್ದರೆ ಅಲ್ಲಿ 0.4 ಇರುತ್ತದೆ. ಗುಣಿಸಿದ್ದನ್ನೇ ಇನ್ನೊಮ್ಮೆ ಗುಣಿಸಿದಾಗ 0.2 ಆಗುತ್ತದೆ, ಅದೇ ನಿಮ್ಮ ಕಾಡಿಗೆ. ಇಎಕ್ಸ್‌ಆರ್‌ನ ರೂಢಿ ಗುಣಿಸಿದ ಬಣ್ಣ, ಪಿಎನ್‌ಜಿಯದು ಗುಣಿಸದ ಬಣ್ಣ. ಎರಡನ್ನೂ ಬೆರೆಸಿ ಬಳಸುವವರೆಲ್ಲ ಒಮ್ಮೆಯಾದರೂ ಇಲ್ಲಿ ಎಡವುತ್ತಾರೆ, ನಾನೂ ಎಡವಿದ್ದೇನೆ.

ಇನ್ನೊಂದು ಮಾತು: ನಿಮ್ಮ ಚಿಂತೆ ಪಂಜಿನ ಬೆಳಕೊಂದೇ ಆಗಿದ್ದರೆ ಇಷ್ಟೊಂದು ಪಾಸ್‌ಗಳೇ ಬೇಡ. ಬ್ಲೆಂಡರ್ 3.2ರಿಂದ ದೀಪಗಳನ್ನು ಗುಂಪು ಮಾಡಿ ಪ್ರತಿ ಗುಂಪಿನ ಬೆಳಕನ್ನು ಬೇರೆ ಪಾಸ್ ಆಗಿ ಕೊಡುವ ಲೈಟ್ ಗ್ರೂಪ್ ಸೌಲಭ್ಯವಿದೆ. ಪಂಜುಗಳನ್ನು ಒಂದು ಗುಂಪಿಗೆ, ಆಕಾಶದ ಬೆಳಕನ್ನು ಇನ್ನೊಂದಕ್ಕೆ ಹಾಕಿದರೆ, ರೆಂಡರ್ ಮುಗಿದ ಮೇಲೆ ಪಂಜಿನ ಗುಂಪನ್ನು 0.7ರಿಂದಲೋ 1.3ರಿಂದಲೋ ಗುಣಿಸಿ ಆಕಾಶದ ಗುಂಪಿಗೆ ಕೂಡಿಸಬಹುದು. ಯಾವ ದೀಪವೂ ಗುಂಪಿನಿಂದ ಹೊರಗುಳಿಯಬಾರದು, ಅಷ್ಟೇ.

ಕಲ್ಲಿನಕೋಟೆ (ಚಿತ್ರದುರ್ಗ):
ಇಬ್ಬರಿಗೂ ಧನ್ಯವಾದಗಳು. ಐದು ಫ್ರೇಮ್‌ಗಳನ್ನು ಇಎಕ್ಸ್‌ಆರ್‌ನಲ್ಲಿ ತೆಗೆದು ಗುಂಪುಗಳನ್ನು ಕೂಡಿಸಿದೆ. ಮೂಲ ಚಿತ್ರದಿಂದ ಕಳೆದಾಗ ಉಳಿದದ್ದು ಬರೀ ಕಪ್ಪು. ಗೆರೆಯೂ ಹೋಗಿದೆ. ಆದರೆ ಪ್ರತಿ ಪಿಕ್ಸೆಲ್‌ನ ದೂರ ಹೇಳುವ ಝಡ್ ಪಾಸ್ ಬಳಸಿ ದೂರದ ಬಂಡೆಗಳನ್ನು ಮಸುಕುಗೊಳಿಸಿದಾಗ ಬಾವುಟದ ಅಂಚು ಗರಗಸದಂತಾಗುತ್ತಿದೆ.

ಗಿರಣಿಬೀದಿ (ದಾವಣಗೆರೆ):
ಝಡ್ ಪಾಸ್‌ನ ಅಂಚನ್ನು ನಯಗೊಳಿಸಲಾಗದು. 10 ಮೀಟರ್ ದೂರದ ಬಾವುಟಕ್ಕೂ 300 ಮೀಟರ್ ಆಚೆಯ ಬಂಡೆಗೂ ಸರಾಸರಿ ತೆಗೆದರೆ 155 ಮೀಟರ್ ಬರುತ್ತದೆ, ಅಲ್ಲಿ ಏನೂ ಇಲ್ಲ. ಬಾವುಟವನ್ನೂ ಬಂಡೆಗಳನ್ನೂ ಬೇರೆ ಲೇಯರ್‌ಗಳಲ್ಲಿ ರೆಂಡರ್ ಮಾಡಿ, ಬಂಡೆಗಳನ್ನಷ್ಟೇ ಮಸುಕುಗೊಳಿಸಿ, ಮೇಲೆ ಬಾವುಟವನ್ನು ಇರಿಸಿರಿ.